ಒಂದು ಬಾಣಂತನ, ಇಬ್ಬರು ಬೀಗಿತಿಯರು

ಗಂಟೆಗೆ ನಲವತ್ತು ಡಾಲರ್ ಎಂದೆ. ಎಡಿಸನ್ನಿನಲ್ಲಿ ನಮ್ಮವರ ಮಕ್ಕಳಿಗೆ ಕನ್ನಡ ಹೇಳಿಕೊಡಲು ನಾನು ತೆಗೆದುಕೊಳ್ಳುವುದು ಇಪ್ಪತ್ತೈದು. ಹೆಚ್ಚಿಗೆ ಕೇಳಿದ್ದಕ್ಕೆ ಕಾರಣಗಳಿದ್ದವು. ಪಾಠ ಎರಡು ಭಾಷೆಯದ್ದು. ಕಲಿಯುವವರು ಇಬ್ಬರು, ಇಬ್ಬರಿಗೂ ಅರವತ್ತು ದಾಟಿದೆ. ಒಬ್ಬರು ಬಾಗಲಕೋಟೆ ಕಡೆಯವರು, ಇನ್ನೊಬ್ಬರು ಚೀನಾದ ಹೆನಾನ್ ಪ್ರಾಂತದ ಒಂದು ಹಳ್ಳಿಯವರು. ಇವರಿಗೆ ಅವರ ಭಾಷೆ, ಅವರಿಗೆ ಇವರ ಭಾಷೆ ಹೇಳಿಕೊಡುವ ಟೀಚರು ನ್ಯೂಜೆರ್ಸಿಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿದ್ದರೆ ನನಗಂತೂ ಗೊತ್ತಿಲ್ಲ. ಊರಿಗೆ ಒಂದೇ ಅಂಗಡಿ ಇದ್ದರೆ ಅಂಗಡಿಯವನು ಹೇಳಿದ್ದೇ ದರ. ಮೇಲಾಗಿ ಕೇಳಲು ಬಂದ ಹುಡುಗಿಗೆ ಏಳು ತಿಂಗಳು ತುಂಬಿತ್ತು. ಹೆರಿಗೆಯ ತಾರೀಖು ಕೈಯಲ್ಲಿ ಹಿಡಿದು ಬಂದ ಗಿರಾಕಿ ಬಹಳ ಚೌಕಾಶಿ ಮಾಡಲಾರಳು ಎಂದುಕೊಂಡಿದ್ದೆ.

ಅವಳು ಮಾಡಿದಳು. ನನ್ನ ದರ ಕೇಳಿ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಎದ್ದು, ಪರ್ಸು ಹೆಗಲಿಗೆ ಹಾಕಿ, ಬಾಗಿಲ ತನಕ ನಿಧಾನವಾಗಿ ಹೋಗಿ ಶೂ ಹುಡುಕುವವಳ ಹಾಗೆ ನಿಂತಳು. ಜೊತೆಗೆ ಬಂದಿದ್ದ ಗಂಡ ಪಾಪ, ನಿಜಕ್ಕೂ ಹೊರಟೇಬಿಟ್ಟಳು ಎಂದು ಗಾಬರಿಯಾಗಿ ಎದ್ದ. ಆ ನಡಿಗೆ ನನಗೆ ಗೊತ್ತಿತ್ತು. ಚೀನಾದ ಬಟ್ಟೆ ಪೇಟೆಯಲ್ಲಿ ಐದು ವರ್ಷ ಅದನ್ನೇ ನೋಡಿದವಳು ನಾನು. ಅವಳ ಚೈನೀಸಿನಲ್ಲೇ, "ಸಾಕು, ಬಂದು ಕೂತ್ಕೋ" ಎಂದೆ. ಮೂವತ್ತೆರಡಕ್ಕೆ ಇಳಿದೆವು, ಮಧ್ಯಾಹ್ನದ ಊಟ ಅವರ ಮನೆಯದ್ದು.

ಹುಡುಗಿ ಚೀನಾದವಳು, ಇಲ್ಲಿಗೆ ಓದಲು ಬಂದು ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದವಳು. ಹುಡುಗ ಬಾಗಲಕೋಟೆ ಕಡೆಯವನು, ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುವವನು. ಮನೆ ಹ್ಯಾರಿಸನ್ನಿನಲ್ಲಿ, ಸ್ಟೇಷನ್ ಪಕ್ಕದ ಹೊಸ ಅಪಾರ್ಟ್‌ಮೆಂಟಿನಲ್ಲಿ. ಹೆರಿಗೆಗೆ ಎರಡೂ ಕಡೆಯ ಅಮ್ಮಂದಿರು ಬರುವವರಿದ್ದರು. ಹುಡುಗಿ ಹೇಳಿದ್ದು ಇಷ್ಟು. ಹನ್ನೊಂದನೇ ವಯಸ್ಸಿಗೆ ಅವಳನ್ನು ತಾಲ್ಲೂಕು ಊರಿನ ಹಾಸ್ಟೆಲ್ ಶಾಲೆಗೆ ಹಾಕಿದರು. ಆಮೇಲೆ ದೊಡ್ಡ ಊರಿನ ಕಾಲೇಜು, ಆಮೇಲೆ ಅಮೆರಿಕ. ಹನ್ನೊಂದರಿಂದ ಈಚೆಗೆ ಅಮ್ಮನ ಜೊತೆ ಒಂದೇ ಸೂರಿನ ಕೆಳಗೆ ಸತತವಾಗಿ ಮೂವತ್ತು ದಿನ ಇದ್ದದ್ದಿಲ್ಲ. ಅವರಲ್ಲೂ ನಮ್ಮಂತೆಯೇ ಬಾಣಂತನ ಇದೆ. 'ತಿಂಗಳು ಕೂರುವುದು' ಎನ್ನುತ್ತಾರೆ. ಮೂವತ್ತು ದಿನ ಹೊರಗೆ ಕಾಲಿಡುವಂತಿಲ್ಲ, ತಣ್ಣೀರು ಮುಟ್ಟುವಂತಿಲ್ಲ, ಗಾಳಿ ಸೋಕುವಂತಿಲ್ಲ.

"ಆ ಮೂವತ್ತು ದಿನ ನನಗೆ ಅಮ್ಮ ಬೇಕು," ಎಂದಳು. "ಅತ್ತೆಯೂ ಇರ್ತಾರೆ, ಇರ್ಲಿ. ಆದರೆ ನನ್ನ ಅರೆಬರೆ ಕನ್ನಡದಲ್ಲಿ ಮಲಗಿದಲ್ಲಿಂದ ಇಬ್ಬರ ನಡುವೆ ಟ್ರಾನ್ಸ್‌ಲೇಟ್ ಮಾಡ್ತಾ ಇರೋಕೆ ಆಗಲ್ಲ. ಮಾತು ಬರದೆ ಬೇಜಾರಾಗಿ ಅಮ್ಮ ವಾಪಸ್ ಹೊರಟುಬಿಟ್ಟರೆ?"

ಫೋನಿನಲ್ಲಿ ಟ್ರಾನ್ಸ್‌ಲೇಟ್ ಆಗುತ್ತದಲ್ಲ ಎಂದು ನಾನೇ ಕೇಳಿದೆ. ವ್ಯಾಪಾರ ಕಳೆದುಕೊಳ್ಳುವ ಪ್ರಶ್ನೆ, ಆದರೂ ಕೇಳುವುದು ಧರ್ಮ. ಅವಳ ಅಮ್ಮನ ಹಳ್ಳಿ ಚೈನೀಸೂ ಇವನ ಅವ್ವನ ಬಾಗಲಕೋಟೆ ಕನ್ನಡವೂ ಆ ಫೋನಿಗೆ ತಿಳಿಯುವುದಿಲ್ಲವಂತೆ. ಪರೀಕ್ಷೆ ಮಾಡಿ ನೋಡಿದಾಗ ಅವ್ವ "ಚಾ ಕುಡದ್ರೇನು" ಎಂದಿದ್ದಕ್ಕೆ ಅದು ಮೂರು ಸಾಲು ಏನೋ ಒದರಿತಂತೆ.

ನನ್ನ ಚೀನಾ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ಕಂತಿನ ಮೇಲೆ ಸೀರೆ ಮಾರುತ್ತಿದ್ದೆ. ಸಂಜೆ ಮಕ್ಕಳಿಗೆ ಹಿಂದಿ ಟ್ಯೂಷನ್. ಮದುವೆಯಾದ ಮೇಲೆ ಗಂಡ ಬಟ್ಟೆಯ ಕ್ವಾಲಿಟಿ ನೋಡುವ ಕೆಲಸ ಹಿಡಿದು ಶಾಂಘೈಯಿಂದ ರೈಲಿನಲ್ಲಿ ಒಂದೂವರೆ ಗಂಟೆ ದೂರದ ಒಂದು ಬಟ್ಟೆ ಪೇಟೆಗೆ ಹೋದ, ಹಿಂದೆಯೇ ನಾನೂ ಹೋದೆ. ಅಲ್ಲಿ ಸಾಲು ಸಾಲು ಅಂಗಡಿ, ಗಿರಾಕಿಗಳಲ್ಲಿ ನಮ್ಮ ದೇಶದ ವ್ಯಾಪಾರಿಗಳು ಬಹಳ. ಅಂಗಡಿಯ ಹುಡುಗಿಯರಿಗೆ ಹಿಂದಿ ಬೇಕಿತ್ತು. ಒಂದು ಅಂಗಡಿಯ ಮಹಡಿ ಮೇಲೆ ಬಟ್ಟೆಯ ಥಾನುಗಳ ನಡುವೆ ಐದು ಸ್ಟೂಲು ಹಾಕಿಕೊಂಡು ಶುರು ಮಾಡಿದೆ. ಎರಡನೇ ವರ್ಷಕ್ಕೆ ಬೆಳಿಗ್ಗೆ ಒಂದು ತಂಡ, ಸಂಜೆ ಎರಡು ತಂಡ. ನಾನು ಹೇಳಿಕೊಟ್ಟದ್ದು ಪುಸ್ತಕದ ಹಿಂದಿಯಲ್ಲ. ನಮ್ಮವರು ಹೇಗೆ ಚೌಕಾಶಿ ಮಾಡುತ್ತಾರೆ, ಎಲ್ಲಿ ಮುಖ ಸಿಂಡರಿಸುತ್ತಾರೆ, ಯಾವಾಗ ಬಾಗಿಲ ತನಕ ಹೋಗಿ ತಿರುಗುತ್ತಾರೆ, ಅದನ್ನೆಲ್ಲ ಸೇರಿಸಿ ಹೇಳಿಕೊಡುತ್ತಿದ್ದೆ. ಮೊದಲ ದಿನವೇ ಕಲಿಸುತ್ತಿದ್ದ ವಾಕ್ಯ ಒಂದೇ: 'ನೀವು ಹೇಳಿದ ಹಾಗೆ.' ಗಿರಾಕಿ ರೇಟು ಕೇಳಿದರೆ ನಕ್ಕು ಇದನ್ನು ಹೇಳು, ಅವನೇ ಮೊದಲು ಬಾಯಿ ಬಿಡಲಿ. ಮೊದಲು ಸಂಖ್ಯೆ ಹೇಳಿದವನು ಸೋತ ಎಂಬುದು ಸೀರೆ ಮಾರುವಾಗ ನಾನು ಕಲಿತ ಪಾಠ. ಆ ಹುಡುಗಿಯರು ಅದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ ನನಗೇ ಪರದೆ ಬಟ್ಟೆ ಮಾರುವಾಗ ಹಾಗೇ ಹೇಳಿ ನನ್ನನ್ನು ಸೋಲಿಸಿದರು.

ಹ್ಯಾರಿಸನ್ನಿಗೆ ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ಎಡಿಸನ್ನಿನಿಂದ ನ್ಯೂವರ್ಕಿಗೆ ರೈಲು, ಅಲ್ಲಿಂದ ಪಾಥ್ ರೈಲಿನಲ್ಲಿ ಒಂದೇ ಸ್ಟಾಪು. ಮೊದಲು ಬಂದಿಳಿದವರು ಹುಡುಗನ ತಾಯಿ. ಅವರನ್ನು ಅವ್ವ ಎಂದೇ ಕರೆದೆ. ಅವರು ನನ್ನನ್ನು ತಮ್ಮ ಕಡೆಯ ಶಾಲೆಗಳಲ್ಲಿ ಟೀಚರನ್ನು ಕರೆಯುವಂತೆ "ಅಕ್ಕೋರ" ಎಂದರು. ತಾವು ಶಾಲೆಯಲ್ಲಿ ನಾಕನೇತ್ತೆ ದಾಟಿಲ್ಲ ಎಂದು ಮೊದಲೇ ಹೇಳಿ, ಹೊಸ ನೋಟುಬುಕ್ಕಿಗೆ ಅರಿಶಿನ ಕುಂಕುಮ ಹಚ್ಚಿಕೊಂಡು ಕಾದಿದ್ದರು. ಹುಡುಗಿಯ ತಾಯಿಗೆ ಚೀನಾದಲ್ಲಿದ್ದಾಗಲೇ ವಿಡಿಯೊ ಕಾಲಿನಲ್ಲಿ ಪಾಠ ಶುರುವಾಯಿತು. ಆಕೆಯನ್ನು ನಾನು ಚೀನಾದ ರೂಢಿಯಂತೆ ಆಯಿ ಎಂದೆ, ಎಂದರೆ ಚಿಕ್ಕಮ್ಮ. ಅವ್ವನಿಗೆ ಅದೇನೂ ಹೊಸದೆನಿಸಲಿಲ್ಲ; ಅವರ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಆಯಿ ನನ್ನನ್ನು ಕರೆದದ್ದು ಲಾವ್‌ಶಿ ಎಂದು, ಅವರಲ್ಲಿ ಟೀಚರಿಗೆ ಹಾಗೆನ್ನುತ್ತಾರೆ.

ಇಬ್ಬರಿಗೂ ನಲವತ್ತು ನಲವತ್ತು ವಾಕ್ಯ ಆರಿಸಿದ್ದೆ. ನೀರು ಕಾಯಿತೇ, ಮಗು ಅಳುತ್ತಿದೆ, ಬಾಗಿಲು ಹಾಕಿ, ಅವಳು ಮಲಗಿದ್ದಾಳೆ, ಡೈಪರ್ ಎಲ್ಲಿ. ಬೀಗಿತಿಯರಲ್ಲವೇ, ಮರ್ಯಾದೆ ಮುಖ್ಯ ಎಂದು ನನ್ನ ಹಳೆಯ ವಾಕ್ಯವನ್ನೇ ಇಬ್ಬರಿಗೂ ಮೊದಲ ಪಾಠದಲ್ಲಿ ಕೊಟ್ಟೆ. ಅವ್ವನಿಗೆ ಚೈನೀಸಿನಲ್ಲಿ, "ಥಿಂಗ್ ನಿನ್ ದ." ಆಯಿಗೆ ಬಾಗಲಕೋಟೆ ಕನ್ನಡದಲ್ಲಿ, "ನೀವು ಹೇಳಿದಂಗ." ಇಬ್ಬರ ಬಾಯಲ್ಲೂ ಅದು ಬಹಳ ಮುದ್ದಾಗಿ ಕುಳಿತುಕೊಂಡಿತು. ಆಯಿ ಬಂದ ದಿನ ಏರ್‌ಪೋರ್ಟಿನಿಂದ ಮನೆಗೆ ಕಾಲಿಟ್ಟಾಗ ಇಬ್ಬರೂ ಕೈ ಹಿಡಿದುಕೊಂಡು ಒಬ್ಬರಿಗೊಬ್ಬರು ಅದನ್ನೇ ಹೇಳಿದರು. ಹುಡುಗ ವಿಡಿಯೊ ಮಾಡಿ ನನಗೆ ಕಳಿಸಿದ. ನಾನು ಅದನ್ನು ನಾಲ್ಕು ಜನಕ್ಕೆ ತೋರಿಸಿ ಹೊಗಳಿಸಿಕೊಂಡೆ.

ಹೆಣ್ಣುಮಗು ಹುಟ್ಟಿತು. ಎಳೆ ಬಾಣಂತಿಯ ಮನೆಗೆ ಹೊರಗಿನವರು ಹೋಗಬಾರದೆಂದು ನಾನು ಸುಮ್ಮನಿದ್ದೆ. ಒಂಬತ್ತನೇ ದಿನ ಹುಡುಗನ ಫೋನು.

"ಅಕ್ಕಾ, ಒಮ್ಮೆ ಬಂದು ಹೋಗ್ರಿ. ಮನ್ಯಾಗ ಜಗಳ ಇಲ್ಲ, ಏನಿಲ್ಲ. ಆದ್ರ ಏನೋ ಸರಿ ಇಲ್ಲ."

ಹೋದೆ. ಮನೆ ಚೊಕ್ಕಟವಾಗಿತ್ತು. ಅಡುಗೆಮನೆ ಅದಕ್ಕಿಂತ ಚೊಕ್ಕಟ, ಒಲೆಯ ಮೇಲೆ ಒಂದು ಪಾತ್ರೆಯಿಲ್ಲ. ಆಯಿ ಸೋಫಾದ ಅಂಚಿನಲ್ಲಿ ತೊಡೆಯ ಮೇಲೆ ಕೈ ಇಟ್ಟುಕೊಂಡು, ಡಾಕ್ಟರ ಶಾಪಿನಲ್ಲಿ ಸರದಿ ಕಾಯುವವರಂತೆ ಕುಳಿತಿದ್ದರು. ಅವ್ವ ತಮ್ಮ ಕೋಣೆಯಲ್ಲಿ ಜಪಮಣಿ ಹಿಡಿದಿದ್ದರು. ಒಳಗೆ ಬಾಣಂತಿ ದಿಂಬಿಗೊರಗಿ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫ್ರಿಜ್ಜಿನ ತಣ್ಣನೆ ಹಾಲು ಹಾಕಿದ ಸೀರಿಯಲ್ ಬಟ್ಟಲು. ಹಿಂದಿನ ಸಂಜೆ ಹುಡುಗ ತರಿಸಿದ್ದ ಪಿಜ್ಜಾದ ಡಬ್ಬ ಮೂಲೆಯಲ್ಲಿತ್ತು. ಒಂಬತ್ತು ದಿನದ ಬಾಣಂತಿ.

ಏನಮ್ಮಾ ಇದು ಎಂದೆ. ಅವಳು ಹೆಗಲು ಕುಣಿಸಿದಳು. ಇಬ್ಬರೂ ತುಂಬಾ ಪೊಲೈಟ್ ಆಗಿದ್ದಾರೆ, ಯಾರಿಗೂ ಅಡುಗೆ ಮಾಡಲು ಮನಸ್ಸಿದ್ದಂತಿಲ್ಲ, ಕೇಳಲು ನನಗೆ ಸಂಕೋಚ ಎಂದಳು. ಹಾಸ್ಟೆಲಿನಲ್ಲಿ ಬೆಳೆದವಳು ಸಿಕ್ಕಿದ್ದು ತಿನ್ನುವುದನ್ನು ಕಲಿತಿರುತ್ತಾಳೆ. ತನ್ನ ಊರಿನಲ್ಲಿ ಬಾಣಂತನ ಹೇಗೆ ನಡೆಯುತ್ತದೆ, ಯಾರು ಏನು ಮಾಡುತ್ತಾರೆ ಎಂದು ಅವಳು ನೋಡಿಯೂ ಇರಲಿಲ್ಲ.

ನಾನು ಹೊರಟಾಗ ಆಯಿ ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ ತನಕ ಬರುತ್ತೇನೆಂದು ಜೊತೆಗೆ ಬಂದರು. ಮೂಲೆಯ ಸಿಗ್ನಲ್ಲಿನಲ್ಲಿ ದಾಟುವ ಬೆಳಕು ಬಂದರೂ ದಾಟದೆ ನಿಂತರು.

"ಲಾವ್‌ಶಿ, ಇನ್ನೊಂದು ವಾಕ್ಯ ಬೇಕು. 'ನಾನು ಊರಿಗೆ ಹೋಗ್ತೀನಿ, ನನಗೇನೂ ಸಿಟ್ಟಿಲ್ಲ' ಅಂತ ಅವರ ಭಾಷೆಯಲ್ಲಿ ಹೇಗೆ ಹೇಳೋದು?"

ಐದು ವರ್ಷ ಚೀನಾದಲ್ಲಿ, ಇಲ್ಲಿ ಹತ್ತು ವರ್ಷ, ಎಷ್ಟೋ ಜನ ಎಷ್ಟೋ ವಾಕ್ಯ ಕೇಳಿದ್ದಾರೆ. ಇಂಥದ್ದನ್ನು ಯಾರೂ ಕೇಳಿರಲಿಲ್ಲ. ಹೇಳಿಕೊಡುತ್ತೇನೆ, ಮೊದಲು ಕಾರಣ ಹೇಳಿ ಎಂದೆ.

ಆಯಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅವರ ಕಡೆ ತಿಂಗಳು ಕೂರಿಸುವುದು ಗಂಡನ ತಾಯಿಯ ಕೆಲಸ, ಅವಳ ಹಕ್ಕು. ಹೆತ್ತ ತಾಯಿ ಮೊಟ್ಟೆ, ಕೆಂಪು ಸಕ್ಕರೆ ಹೊತ್ತುಕೊಂಡು ಅತಿಥಿಯಾಗಿ ಬರುತ್ತಾಳೆ, ಮೊಮ್ಮಗುವನ್ನು ನೋಡುತ್ತಾಳೆ, ಉಂಡು ಹೋಗುತ್ತಾಳೆ. ಬೀಗಿತಿಯ ಅಡುಗೆಮನೆಯಲ್ಲಿ ಸೌಟು ಹಿಡಿದರೆ, ನಿನಗೆ ನನ್ನ ಮಗಳನ್ನು ನೋಡಿಕೊಳ್ಳಲು ಬರುವುದಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಅದಕ್ಕೇ ಒಂಬತ್ತು ದಿನದಿಂದ ಸೋಫಾದಲ್ಲಿ ಕುಳಿತಿದ್ದಾರೆ. ಏನು ಮಾಡೋಣ ಎಂದು ದಿನಾ ಕೇಳುವ ಹಾಗೆ ನೋಡಿದರೆ ಬೀಗಿತಿ ಕೈ ಮುಗಿದು "ಥಿಂಗ್ ನಿನ್ ದ" ಎನ್ನುತ್ತಾರೆ. ಸೊಸೆ ಪರದೇಶದವಳೆಂದು ಬೇಸರವೋ, ಹುಟ್ಟಿದ್ದು ಹೆಣ್ಣೆಂದು ಬೇಸರವೋ, ತಿಳಿಯುತ್ತಿಲ್ಲ.

"ನಾನು ಕಣ್ಣೆದುರು ಕೂತಿರೋ ತನಕ ಅವರು ಮಾಡೋದಿಲ್ಲ," ಎಂದರು ಆಯಿ. "ನಾನು ಹೋದರೆ ಮಾಡ್ತಾರೆ. ಎಂಥವರಾದರೂ ಹಸಿ ಬಾಣಂತಿಯನ್ನ ಹಾಗೇ ಬಿಡೋದಿಲ್ಲ. ಅದಕ್ಕೇ ಹೋಗ್ತೀನಿ."

ಮಗಳು ಏನಕ್ಕಾಗಿ ನನ್ನನ್ನು ಗೊತ್ತು ಮಾಡಿದ್ದಳೋ ಅದೇ ಕೈತಪ್ಪುತ್ತಿತ್ತು. ನನ್ನ ರೈಲು ಹೋಗಲಿ ಬಿಡಿ ಎಂದು ಆಯಿಯನ್ನು ತಿರುಗಿಸಿಕೊಂಡು ವಾಪಸ್ ಬಂದೆ. ನೇರವಾಗಿ ಅವ್ವನ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿ, ಏನ್ರಿ ಅವ್ವಾ, ಬಾಣಂತಿ ಸೀರಿಯಲ್ ತಿನ್ನುತ್ತಿದ್ದಾಳಲ್ಲ ಎಂದು ಸ್ವಲ್ಪ ಬಿಗಿಯಾಗಿಯೇ ಕೇಳಿದೆ. ಅವರ ಕಣ್ಣು ತುಂಬಿತು.

"ನಾ ಏನ್ ಮಾಡ್ಲಿ ಅಕ್ಕೋರ? ಚೊಚ್ಚಲ ಬಾಣಂತನ ತವರಿನವ್ರದ್ದು. ಹಡದ ತಾಯಿ ಹಕ್ಕು ಅದು. ಅಷ್ಟು ದೂರದಿಂದ ಬಂದಾಕಿ ಮುಂದ ನಾ ಒಲಿ ಹಿಡಕೊಂಡು ನಿಂತ್ರ, ನಿನಗ ಬರಂಗಿಲ್ಲ, ಅತ್ತಾಗ ಸರಿ ಅಂದಂಗ ಆಗೂದಿಲ್ಲೇನು? ಅಕಿ ಏನರ ಹೇಳ್ಲಿ, ಮಾಡೂಣು ಅಂತ ಕಾಯಾಕತ್ತೀನಿ. ಅಕಿ ನೋಡಿದ್ರ ನನ್ನ ಮುಖಾ ನೋಡಿ, ನೀವು ಹೇಳಿದಂಗ, ನೀವು ಹೇಳಿದಂಗ."

ಮಂಚದ ಕೆಳಗಿನಿಂದ ಸೂಟ್‌ಕೇಸು ಎಳೆದು ತೋರಿಸಿದರು. ಉಂಡೆಗೆ ಅಂಟು, ಅಳವಿ ಬೀಜ, ಒಣ ಕೊಬ್ಬರಿ, ಉತ್ತತ್ತಿ, ಬೆಲ್ಲ, ಒಣಶುಂಠಿ, ಮಗುವಿಗೆ ಕೈಯಲ್ಲಿ ಹೊಲಿದ ಕುಂಚಿಗೆ. ಪೊಟ್ಟಣಗಳಿಗೆ ಬಿಗಿದ ದಾರದ ಗಂಟು ಹಾಗೇ ಇತ್ತು. ಹುಡುಗಿ ಫ್ರಿಜ್ಜಿನ ಹಾಲು ಕುಡಿಯುವುದನ್ನು ನೋಡಲಾಗದೆ ಕೋಣೆಯಲ್ಲಿ ಜಪಕ್ಕೆ ಕೂರುತ್ತಿದ್ದರಂತೆ.

ಸೂಟ್‌ಕೇಸಿನ ಮುಂದೆ ನಾನು ನೆಲದ ಮೇಲೆ ಕುಳಿತುಬಿಟ್ಟೆ. ಒಬ್ಬರಲ್ಲಿ ತವರಿನ ಹಕ್ಕು, ಇನ್ನೊಬ್ಬರಲ್ಲಿ ಅತ್ತೆಯ ಹಕ್ಕು. ಇಬ್ಬರೂ ಮರ್ಯಾದೆಯಿಂದ ಹಿಂದೆ ಸರಿದು ದಾರಿ ಬಿಟ್ಟಿದ್ದಾರೆ, ನಡುವೆ ಒಲೆ ಆರಿ ಹೋಗಿದೆ. ಬಾಯಿ ಬಿಟ್ಟು ಕೇಳಬಹುದಾಗಿದ್ದ ಮಾತಿಗೂ ಬೀಗ ಹಾಕಿದ್ದು ನಾನು. ಎದುರಿನವರೇ ಮೊದಲು ಹೇಳಲಿ ಎಂಬ ಅಂಗಡಿಯ ಉಪಾಯವನ್ನು ಇಬ್ಬರು ಅಮ್ಮಂದಿರಿಗೂ ಒಂದೊಂದು ಕೊಟ್ಟು, ದುಡ್ಡೂ ಇಸಿದುಕೊಂಡಿದ್ದೆ. ಇಬ್ಬರೂ ಮಾರುವವರೇ ಆದರೆ ಪೇಟೆ ನಡೆಯುವುದು ಹೇಗೆ?

ಇಷ್ಟು ವರ್ಷ ಚೀನಾದಲ್ಲಿದ್ದವಳಿಗೆ ಅವರ ಬಾಣಂತನ ಯಾರದ್ದೆಂದು ಗೊತ್ತಿರಬೇಕಿತ್ತಲ್ಲ ಎಂದು ನೀವು ಕೇಳಬಹುದು. ನನ್ನದೂ ಅಲ್ಲೇ ಆದದ್ದು. ಅಮ್ಮನಿಗೆ ವೀಸಾ ಸಿಗಲಿಲ್ಲ, ಅತ್ತೆ ಹಾಸಿಗೆ ಹಿಡಿದಿದ್ದರು. ನನ್ನ ಕ್ಲಾಸಿನ ಹುಡುಗಿಯರು ಸರದಿ ಹಾಕಿಕೊಂಡು ಬಂದರು. ಒಬ್ಬಳು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಥರ್ಮಾಸಿನಲ್ಲಿ ಗಂಜಿ ತರುತ್ತಿದ್ದಳು, ಇನ್ನೊಬ್ಬಳು ಊಟದ ಬಿಡುವಿನಲ್ಲಿ ಬಂದು ಬಟ್ಟೆ ಒಗೆದು ಓಡುತ್ತಿದ್ದಳು. ನನ್ನ ತಲೆಗೆ ಸ್ಕಾರ್ಫು ಕಟ್ಟಿ, ಕಿಟಕಿಯ ಸಂದಿಗೆ ಅಂಗಡಿಯ ತುಂಡು ಬಟ್ಟೆ ತುರುಕಿ, ನಾನು ಕಲಿಸಿದ ಹಿಂದಿಯಲ್ಲೇ ನನ್ನನ್ನು ಗದರಿದರು. ತಾಯಿಯೂ ಇಲ್ಲದ ಅತ್ತೆಯೂ ಇಲ್ಲದ ಬಾಣಂತನ ನನ್ನದು. ಅದು ಯಾರ ಹಕ್ಕು ಎಂದು ಕೇಳುವ ಪ್ರಮೇಯವೇ ಬರಲಿಲ್ಲ. ಕೇಳದೇ ಮಾಡಿದರು, ನಾನು ಕೇಳದೇ ಉಂಡೆ.

ಇಬ್ಬರನ್ನೂ ಊಟದ ಮೇಜಿಗೆ ಕರೆದು ಕೂರಿಸಿದೆ. ಇವರದ್ದು ಅವರಿಗೆ, ಅವರದ್ದು ಇವರಿಗೆ, ಒಂದೂ ಬಿಡದೆ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಹೇಳಿ ಮುಗಿದ ಮೇಲೆ ಇಬ್ಬರೂ ನನ್ನ ಮುಖ ನೋಡಲಿಲ್ಲ. ಅವ್ವ ಮೇಜಿನ ಮೇಲೆ ಬೆರಳಿನಿಂದ ಏನೋ ಗೆರೆ ಎಳೆಯುತ್ತಿದ್ದರು.

"ಅಕ್ಕೋರ, ಹಂಗಾದ್ರ ಒಂಬತ್ತು ದಿನ ಅಕಿ ನನ್ನ ಮಾನಾ ಕಾಯಾಕ ಸುಮ್ಮ ಕುಂತಿದ್ಲಾ?"

ಅದನ್ನು ಚೈನೀಸಿಗೆ ತಿರುಗಿಸುವಷ್ಟರಲ್ಲಿ ಆಯಿ ತಾವೂ ಅದನ್ನೇ ಕೇಳುತ್ತಿದ್ದರು. ಅವ್ವ ಎದ್ದು ಹೋಗಿ ಸೂಟ್‌ಕೇಸನ್ನೇ ಎಳೆದುಕೊಂಡು ಬಂದರು. ಆಯಿ ತಮ್ಮ ಚೀಲ ತಂದರು: ಕೆಂಪು ಸಕ್ಕರೆ, ಒಣಗಿದ ಕೆಂಪು ಹಣ್ಣು, ಕರಿ ಎಳ್ಳು, ಬಟ್ಟೆಯ ಗಂಟಿನಲ್ಲಿ ಸಣ್ಣ ಹಳದಿ ಕಾಳು. ಅವ್ವ ಆ ಗಂಟಿನೊಳಗೆ ಕೈ ಹಾಕಿ ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಉಜ್ಜಿ, ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು.

"ಇದು ನವಣಿ," ಎಂದರು. "ನಮ್ಮ ಹೊಲದಾಗ ಬೆಳೀತಿದ್ವಿ."

ಹೆನಾನಿನಲ್ಲಿ ಬಾಣಂತಿಗೆ ಮೊದಲು ಕೊಡುವುದು ನವಣೆ ಗಂಜಿಯಂತೆ, ಕೆಂಪು ಸಕ್ಕರೆ ಹಾಕಿ. ಹನ್ನೆರಡು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿ ಥರ್ಮಾಸಿನಲ್ಲಿ ತರುತ್ತಿದ್ದದ್ದೂ ಅದೇ ಇರಬೇಕು. ಆಗ ನಾನು ಕಾಳಿನ ಹೆಸರು ಕೇಳಿರಲಿಲ್ಲ. ಅವ್ವ ಕಾಳು ತೊಳೆದರು, ಆಯಿ ನೀರಿಟ್ಟರು. ಕುದಿಯುವಾಗ ಇಬ್ಬರ ಕೈಯಲ್ಲೂ ಒಂದೊಂದು ಸೌಟು. ಕೆಂಪು ಸಕ್ಕರೆಯೋ ಬೆಲ್ಲವೋ ಎಂಬಲ್ಲಿ ಸ್ವಲ್ಪ ತಡೆಯಿತು. ಅರ್ಧ ಅರ್ಧ ಎಂದೆ ನಾನು. ಅವ್ವ ತುಪ್ಪ ಬಿಟ್ಟಾಗ ಆಯಿ ಮೂಗು ಮುರಿದರು, ಆದರೆ ಪಾತ್ರೆ ಮುಚ್ಚಲಿಲ್ಲ.

ಬಟ್ಟಲು ಹಿಡಿದು ಇಬ್ಬರೂ ಒಳಗೆ ಹೋದರು. ಹುಡುಗಿ ಎದ್ದು ಕುಳಿತು ಉಂಡಳು. ಒಬ್ಬರು ಆ ಕಡೆ, ಒಬ್ಬರು ಈ ಕಡೆ, ಒಂದೊಂದು ಚಮಚವೂ ಬಾಯಿಗೆ ಹೋಗುವುದನ್ನು ನೋಡುತ್ತಿದ್ದರು. ತುಟಿಯ ಕೊನೆಗೆ ಗಂಜಿ ಅಂಟಿತ್ತು. ಆಯಿ ಹೆಬ್ಬೆರಳಿನಿಂದ ಒರೆಸಿದರು. ಅಷ್ಟಕ್ಕೇ ಅವಳು ಅತ್ತುಬಿಟ್ಟಳು. ಬಾಣಂತಿ ಅಳಬಾರದು, ಕಣ್ಣು ಹೋಗುತ್ತದೆ ಎಂದು ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಒಟ್ಟಿಗೇ ಬೈದರು. ನಾನು ಯಾರಿಗೂ ಏನನ್ನೂ ತಿರುಗಿಸಿ ಹೇಳಬೇಕಾಗಲಿಲ್ಲ.

ಅಮ್ಮ ಊರಿಗೆ ಹೊರಡುವ ಯೋಚನೆಯಲ್ಲಿದ್ದದ್ದು ಅವಳಿಗೆ ಆಗಲೇ ಗೊತ್ತಾಯಿತು. ಕಣ್ಣೊರೆಸಿಕೊಂಡು, ನನ್ನ ಮನೆಯ ಬಾಗಿಲಲ್ಲಿ ಶೂ ಹುಡುಕುತ್ತ ನಿಂತಾಗಿನ ಅದೇ ಮುಖ ಮಾಡಿ, ಅಮ್ಮನಿಗೆ ಹೇಳಿದಳು:

"ಆ ಒಂಬತ್ತು ದಿನ ಲೆಕ್ಕಕ್ಕಿಲ್ಲ. ತಿಂಗಳು ಇವತ್ತಿನಿಂದ ಶುರು."

ಆಯಿ ನನ್ನ ಕಡೆ ನೋಡಿದರು, ಬೀಗಿತಿಯ ಕಡೆ ನೋಡಿದರು. ಹಾಗೆಲ್ಲ ಲೆಕ್ಕ ಮುಂದಕ್ಕೆ ಹಾಕಲು ಬರುವುದಿಲ್ಲ, ಹುಟ್ಟಿದ ದಿನದಿಂದಲೇ ಎಂದರು. ಮಗಳು ಜಗ್ಗಲಿಲ್ಲ. ಏನು ನಡೆಯುತ್ತಿದೆಯೆಂದು ಅವ್ವ ಕೇಳಿದರು, ಹೇಳಿದೆ. ಅವ್ವ ಮಗುವನ್ನು ಎತ್ತಿ ಕುಂಚಿಗೆ ಕಟ್ಟುತ್ತ, ತಮ್ಮ ಕಡೆ ಬಾಣಂತನ ನಲವತ್ತು ದಿನ, ಒಂಬತ್ತಕ್ಕೆ ಮೂವತ್ತು ಸೇರಿಸಿದರೂ ಇನ್ನೊಂದು ದಿನ ಕಡಿಮೆಯೇ ಬೀಳುತ್ತದೆ ಎಂದರು. ಅದನ್ನು ಆಯಿಗೆ ಹೇಳುವಾಗ ನನಗೇ ಖುಷಿ. ಇಷ್ಟು ಒಳ್ಳೆಯ ಸೌದಾ ನಾನೂ ಕುದುರಿಸಿದ್ದಿಲ್ಲ.

ಉಳಿದದ್ದು ನನ್ನ ಕಸುಬು. ಅದೇ ಮೇಜಿನ ಮೇಲೆ ಕರಾರು ಮಾಡಿಸಿದೆ. ಬೆಳಗಿನ ಎಣ್ಣೆ, ನೀರು, ಧೂಪ, ಅಂಟಿನ ಉಂಡೆ ಅವ್ವನದ್ದು. ಮಧ್ಯಾಹ್ನದಿಂದ ಗಂಜಿ, ಸಾರು, ಮಗುವನ್ನು ಮಲಗಿಸುವುದು ಆಯಿಯದ್ದು. ದೊಡ್ಡ ತಕರಾರು ಬಂದದ್ದು ಮಾಂಸದ್ದು. ಆಯಿಗೆ ಹಂದಿ ಕಾಲಿನ ಸೂಪು ಇಲ್ಲದೆ ಹಾಲು ಹೇಗೆ ಬರುತ್ತದೆ ಎಂಬ ಚಿಂತೆ. ಅವ್ವನದ್ದು ಮೊಟ್ಟೆಯನ್ನೂ ಮುಟ್ಟದ ಮನೆ. ಅರ್ಧ ದಿನ ಎಳೆದಾಡಿ ಮೀನಿನ ಸಾರಿಗೆ ಬಂದು ನಿಂತೆವು. ವಾರಕ್ಕೆ ಮೂರು ಸಲ, ಬೇರೆ ಪಾತ್ರೆ, ಬೇರೆ ಇಂಡಕ್ಷನ್ ಒಲೆ, ಅವ್ವ ನದಿ ದಂಡೆಗೆ ವಾಕಿಂಗ್ ಹೋದ ಹೊತ್ತಿನಲ್ಲಿ. ವಾಸನೆಗೆ ಕಿಟಕಿ ತೆರೆಯೋಣ ಎಂದ ಹುಡುಗನ ಮೇಲೆ ಇಬ್ಬರೂ ಹರಿಹಾಯ್ದರು, ಬಾಣಂತಿಗೆ ಗಾಳಿ. ಅಡುಗೆಮನೆಯ ಎಗ್ಸಾಸ್ಟ್ ಫ್ಯಾನು ಹಾಕಿಕೋ ಎಂದರು. ಕೊನೆಯ ಷರತ್ತು ನನ್ನದು: ತಿಂಗಳು ಮುಗಿಯುವ ತನಕ 'ನೀವು ಹೇಳಿದಂಗ' ಎಂದವರು ಆ ಹೊತ್ತಿನ ಪಾತ್ರೆ ತೊಳೆಯಬೇಕು. ಎರಡು ಸಲ ಅವ್ವ ತೊಳೆದರು, ಒಂದು ಸಲ ಆಯಿ. ಆಮೇಲೆ ಇಬ್ಬರೂ ಬಾಯಿಬಿಟ್ಟು ಬೇಕು ಬೇಡ ಹೇಳಲು ಕಲಿತರು. ಉಪ್ಪು ಕಡಿಮೆ, ನೀರು ಸುಡುತ್ತದೆ, ಮಗುವನ್ನು ಹಾಗೆ ಎತ್ತಬೇಡಿ. ಮನೆಯಲ್ಲಿ ಸದ್ದು ಜಾಸ್ತಿಯಾಯಿತು ಎಂದು ಹುಡುಗ ದೂರಿದ. ಹುಡುಗಿ ದೂರಲಿಲ್ಲ.

ಆಯಿ ಹೊರಟದ್ದು ನಲವತ್ತನೇ ದಿನವೂ ಅಲ್ಲ, ನಾಲ್ಕನೇ ತಿಂಗಳು. ಎರಡು ಸಲ ಟಿಕೆಟ್ ಮುಂದಕ್ಕೆ ಹಾಕಿಸಿದ್ದರು.

ಈಗ ನಿಮಗೆ. ನಿಮ್ಮ ಮನೆಯಲ್ಲೂ ಎರಡು ಕಡೆಯ ಅಮ್ಮಂದಿರು ಬರುವವರಿದ್ದರೆ, ಹೆರಿಗೆಗೆ ಮೊದಲೇ ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡು, ನಿಮ್ಮ ಕಡೆ ಇದನ್ನು ಮಾಡುವವರು ಯಾರು ಎಂದು ಕೇಳಿ. ಚೀನಾ ಬೇಕಾಗಿಲ್ಲ, ಮೈಸೂರು ಒಂದು ಕಡೆ, ವಿಜಯಪುರ ಒಂದು ಕಡೆ ಇದ್ದರೂ ಕೇಳ್ರಿ. ಮಗನನ್ನು ಕೇಳಬೇಡಿ, ಅವನಿಗೆ ಗೊತ್ತಿರುವುದಿಲ್ಲ. ಬೀಗಿತಿಯ ಭಾಷೆ ನಾಲ್ಕು ಮಾತು ಕಲಿಯುವವರು ಉಪಚಾರದ ಮಾತು ಆಮೇಲೆ ಕಲಿಯಿರಿ, ಮೊದಲು 'ಇದನ್ನು ನಾನು ಮಾಡಲಾ' ಎಂಬುದನ್ನು ಬಾಯಿಪಾಠ ಮಾಡಿ. ಕಲಿಸುವ ಟೀಚರಿಗೂ ಅದನ್ನೇ ಕೇಳಿ ಪಡೆಯಿರಿ, ದುಡ್ಡು ನಿಮ್ಮದು. ಅಳವಿ, ಅಂಟು ಊರಿನಿಂದ ಬರದಿದ್ದರೆ ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನ ಎಪ್ಪತ್ನಾಲ್ಕನೇ ಬೀದಿಯಲ್ಲಿ ಸಿಗುತ್ತವೆ, ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ, ಮೂರು ಕಡೆ ಕೇಳಿ. ನವಣೆಯನ್ನು ಚೈನೀಸ್ ಅಂಗಡಿಯಲ್ಲೂ ನೋಡಿ, ಅದೇ ಕಾಳು, ಹೊಸದಾಗಿರುತ್ತದೆ. ತೊಳೆದು, ಒಂದಕ್ಕೆ ಎಂಟು ನೀರು ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಬೆಲ್ಲ ಒಲೆ ಆರಿಸಿದ ಮೇಲೆ. ಇನ್ನು ಅಮ್ಮಂದಿರ ರಿಟರ್ನ್ ಟಿಕೆಟ್ಟು: ಅಲ್ಲಿ ಮಾತ್ರ ಅಗ್ಗದ್ದು ಹುಡುಕಬೇಡಿ. ತಾರೀಖು ಬದಲಾಯಿಸಲು ಬರುವಂಥದ್ದನ್ನೇ ತೆಗೆಯಿರಿ.